ಮುಂದಿನ ಎರಡೂ ಟೈರ್ ಒಂದೇ ಕಡೆ ಸವೆಯುತ್ತಿವೆ, ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲುತ್ತಿಲ್ಲ

ಪ್ರಶ್ನೆ: ಗಿರಿ ಸಾರಿಗೆ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಹತ್ತು ಚಕ್ರದ ಲಾರಿ. ಕ್ಯೂರಿಂಗ್ ವರ್ಕ್ಸ್‌ನಿಂದ ಕಾಫಿ ತುಂಬಿಕೊಂಡು ಹಾಸನ, ಸಕಲೇಶಪುರ, ಶಿರಾಡಿ ಇಳಿದು ಮಂಗಳೂರು ಬಂದರಿಗೆ ಹೋಗುತ್ತೇವೆ. ವಾಪಸ್ ಬರುವಾಗ ಪಣಂಬೂರಿನಿಂದ ಗೊಬ್ಬರ ಸಿಕ್ಕರೆ ಗೊಬ್ಬರ, ಇಲ್ಲದಿದ್ದರೆ ಖಾಲಿ. ಟೈರ್ ಎಲ್ಲಾ 10.00 ಆರ್ 20 ರೇಡಿಯಲ್.

ಮುಂದಿನ ಎರಡು ಹೊಸ ಟೈರ್ ಹಾಕಿಸಿ ಇನ್ನೂ ವರ್ಷ ಆಗಿಲ್ಲ. ಎಡಗಡೆ ಟೈರಿನ ಹೊರ ಅಂಚು ಬೋಳಾಗಿದೆ. ಬಲಗಡೆ ಟೈರಿನಲ್ಲಿ ಒಳ ಅಂಚು ಹೋಗಿದೆ. ನಡುವೆ ಕಟ್ಟು (ಟೈರಿನ ಮೇಲಿನ ರಬ್ಬರ್ ಅಚ್ಚು) ಇನ್ನೂ ಚೆನ್ನಾಗಿ ನಿಂತಿದೆ, ಅರ್ಧಕ್ಕಿಂತ ಜಾಸ್ತಿ ರಬ್ಬರ್ ಇದೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲೈನ್‌ಮೆಂಟ್ ಎರಡು ಕಡೆ ಮಾಡಿಸಿ ಆಯಿತು. ಇಬ್ಬರೂ ಟೋ (ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವ ಅಳತೆ) ಸರಿ ಇದೆ ಅಂತ ಚೀಟಿ ಕೊಟ್ಟರು, ದುಡ್ಡು ತಗೊಂಡರು, ಸವೆತ ಮಾತ್ರ ಹಾಗೇ ಮುಂದುವರಿದಿದೆ. ಇನ್ನೊಂದು ವಿಷಯ, ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನ ಟೈರ್ ಹೊರಗಿನದಕ್ಕಿಂತ ಬೇಗ ಸವೆಯುತ್ತಿದೆ. ಎರಡಕ್ಕೂ ಸಂಬಂಧ ಇದೆಯಾ? ಟೈರ್ ಅದಲು ಬದಲು ಮಾಡಿದರೆ ಸಾಕಾ, ಅಥವಾ ಬೇರೆ ಏನಾದರೂ ನೋಡಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ: ಬಿ.ಎಂ. ರೋಡ್ ಮೆಕ್ಯಾನಿಕ್, ಹಾಸನ

ಸದ್ಯಕ್ಕೆ ಟೈರ್ ಬದಲಿಸಬೇಡಿ. ಆ ಸವೆತವೇ ಈಗ ನಿಮಗಿರುವ ಸಾಕ್ಷಿ. ಹೊಸ ಟೈರ್ ಹಾಕಿದರೆ ಸಾಕ್ಷಿ ಹೋಗುತ್ತದೆ, ಕಾಯಿಲೆ ಉಳಿಯುತ್ತದೆ.

ಟೋ ತಪ್ಪಿದ್ದರೆ ಸವೆತ ಎರಡೂ ಟೈರಲ್ಲಿ ಕನ್ನಡಿಯ ಹಾಗೆ ಎದುರುಬದುರು ಬರುತ್ತದೆ. ಟೋ ಇನ್ ಜಾಸ್ತಿಯಾದರೆ ಎರಡರಲ್ಲೂ ಹೊರ ಅಂಚು ಹೋಗುತ್ತದೆ, ಟೋ ಔಟ್ ಆದರೆ ಎರಡರಲ್ಲೂ ಒಳ ಅಂಚು. ನಿಮ್ಮದು ಹಾಗಿಲ್ಲ. ಎಡ ಟೈರಿನ ಹೊರಗೆ, ಬಲ ಟೈರಿನ ಒಳಗೆ ಅಂದರೆ ಎರಡೂ ಟೈರಿನ ಎಡ ಭುಜವೇ ಸವೆದಿದೆ ಅಂತ ಅರ್ಥ. ಡ್ರೈವರ್ ಸೀಟಲ್ಲಿ ಕೂತು ಯೋಚನೆ ಮಾಡಿ, ಗೊತ್ತಾಗುತ್ತದೆ. ಮುಂದಿನ ಎರಡೂ ಚಕ್ರ ಯಾವಾಗಲೂ ಚೂರು ಬಲಕ್ಕೆ ತಿರುಗಿಕೊಂಡೇ ಓಡುತ್ತಿವೆ. ಯಾಕೆ ಅಂದರೆ ಗಾಡಿ ಎಡಕ್ಕೆ ಎಳೆಯುತ್ತಿದೆ, ಡ್ರೈವರ್ ಗೊತ್ತಿಲ್ಲದೇ ಬಲಕ್ಕೆ ಹಿಡಿದಿದ್ದಾರೆ. ಸಮತಟ್ಟಾದ ನೇರ ರಸ್ತೆಯಲ್ಲಿ ಸ್ಟೀರಿಂಗ್ ಕಡ್ಡಿ ನೇರ ಇರುತ್ತದಾ, ವಾರೆ ಇರುತ್ತದಾ ನೋಡಿ.

ಕೈಯಲ್ಲೂ ನೋಡಬಹುದು. ಗಾಡಿ ನಿಲ್ಲಿಸಿ, ಟೈರ್ ತಣ್ಣಗಾದ ಮೇಲೆ ಅಂಗೈಯನ್ನು ಕಟ್ಟಿನ ಮೇಲೆ ಅಡ್ಡಡ್ಡ ಸವರಿ. ತಂತಿ ಎದ್ದಿದ್ದರೆ ಕೈ ಹಾಕಬೇಡಿ, ಕುಯ್ಯುತ್ತದೆ. ಒಂದು ದಿಕ್ಕಿಗೆ ಸವರಿದರೆ ನುಣ್ಣಗೆ ಹೋಗುತ್ತದೆ, ವಾಪಸ್ ಎಳೆದರೆ ಪ್ರತಿ ಪಟ್ಟಿಯ ಅಂಚೂ ಗರಗರ ಅಂತ ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಒಳಕ್ಕೆ ನುಣುಪಾದರೆ ಟೋ ಇನ್, ಒಳಗಿನಿಂದ ಹೊರಕ್ಕೆ ನುಣುಪಾದರೆ ಟೋ ಔಟ್. ನಿಮ್ಮ ಗಾಡಿಯಲ್ಲಿ ಎರಡೂ ಟೈರು ಎಡದಿಂದ ಬಲಕ್ಕೆ ಸವರಿದಾಗ ನುಣುಪಾಗಿರುತ್ತವೆ ಅಂತ ನನ್ನ ಅಂದಾಜು. ಹಾಗೇ ಇದ್ದರೆ ಮುಂದಿನ ಆಕ್ಸಲ್ ಬಿಟ್ಟು ಹಿಂದಕ್ಕೆ ಹೋಗಿ. ಹಿಂದಿನ ಎರಡು ಆಕ್ಸಲ್ ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ಗಾಡಿಯ ಬಾಲ ಒಂದು ಕಡೆ ತಳ್ಳಿಕೊಂಡು ಹೋಗುತ್ತದೆ, ಮೂತಿ ಇನ್ನೊಂದು ಕಡೆ ತಿರುಗುತ್ತದೆ. ಅದನ್ನು ಸರಿ ಮಾಡೋಕೆ ಮುಂದಿನ ಟೈರ್ ಸಾಯುತ್ತದೆ.

ಅಳತೆ ಸುಲಭ. ಗಾಡಿ ಖಾಲಿ ಮಾಡಿ ಸಮತಟ್ಟಾದ ನೆಲದಲ್ಲಿ ನೇರವಾಗಿ ಸ್ವಲ್ಪ ದೂರ ಓಡಿಸಿ, ಬ್ರೇಕ್ ಜೋರಾಗಿ ಒತ್ತದೆ ನಿಲ್ಲಿಸಿ. ಹಿಂದಿನ ಎರಡು ಹಬ್‌ಗಳ ನಡು ಬಿಂದುವಿಂದ ನಡು ಬಿಂದುವಿಗೆ ಎಡಗಡೆ ಅಳೆಯಿರಿ, ಬಲಗಡೆ ಅಳೆಯಿರಿ. 3 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆಮೇಲೆ ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಟಾರ್ಕ್ ರಾಡ್‌ನ ಬುಷ್‌ಗಳನ್ನು (ತುದಿಯಲ್ಲಿರುವ ರಬ್ಬರ್) ಲಿವರ್ ಹಾಕಿ ಅಲ್ಲಾಡಿಸಿ ನೋಡಿ. ಆಕ್ಸಲನ್ನು ಪಟ್ಟಕ್ಕೆ (ಸ್ಪ್ರಿಂಗ್ ಪ್ಲೇಟಿಗೆ) ಬಿಗಿದಿರುವ ಯು ಬೋಲ್ಟ್ ಸಡಿಲ ಆಗಿದೆಯಾ, ಸೆಂಟರ್ ಬೋಲ್ಟ್ ಕತ್ತರಿಸಿದೆಯಾ ಅದನ್ನೂ ನೋಡಿ. ಸೆಂಟರ್ ಬೋಲ್ಟ್ ಹೋದರೆ ಪಟ್ಟದ ಮೇಲೆ ಆಕ್ಸಲ್ ಜಾರುತ್ತದೆ. ತುಕ್ಕಿನ ಪುಡಿ ಕೆಂಪಗೆ ಉದುರಿರುವ ಜಾಗ, ಹೊಸದಾಗಿ ತಿಕ್ಕಿ ಹೊಳೆಯುವ ಲೋಹ, ಇವೆರಡು ಕಂಡರೆ ಅಲ್ಲಿ ಏನೋ ಆಡುತ್ತಿದೆ ಅಂತಲೇ ಲೆಕ್ಕ.

ಉತ್ತರ: ಟೈರ್ ಅಂಗಡಿ, ಹಾಸನ

ಮೇಲಿನವರು ಹೇಳಿದ್ದು ಸರಿ. ನಾನು ಹಿಂದಿನ ಜೋಡಿ ಟೈರ್ ಬಗ್ಗೆ ಬರೆಯುತ್ತೇನೆ, ಇದು ಬೇರೆಯದೇ ಸಮಸ್ಯೆ ಇರಬಹುದು.

ಒಳಗಿನ ಟೈರಿಗೆ ಯಾರೂ ಗಾಳಿ ನೋಡಲ್ಲ. ಇದು ನಮ್ಮ ಅಂಗಡಿಗೆ ಬರುವ ಬಹುಪಾಲು ಗಾಡಿಗಳ ಕತೆ. ವಾಲ್ವ್ ಕೈಗೆ ಸಿಗಲ್ಲ, ಹೊರಗಿನ ಡಿಸ್ಕ್ ಕಿಂಡಿಯಲ್ಲಿ ತೂರಿಸಬೇಕು, ಕ್ಲೀನರ್ ಲಿವರ್ ತಗೊಂಡು ಟಪ್ ಅಂತ ಒಂದು ಏಟು ಹೊಡೆದು ಸರಿ ಇದೆ ಅಂತಾನೆ. ಹೊಡೆದು ನೋಡಿದರೆ ಪೂರ್ತಿ ಪಂಚರ್ ಆಗಿರುವುದು ಗೊತ್ತಾಗುತ್ತದೆ ಅಷ್ಟೇ. 110 ಪಿಎಸ್‌ಐ ಗಾಳಿ ಇರಬೇಕಾದ ಕಡೆ 85 ಇದ್ದರೆ ಶಬ್ದದಲ್ಲಿ ಯಾರಿಗೂ ಗೊತ್ತಾಗಲ್ಲ. ಒಂದು ವಾಲ್ವ್ ಎಕ್ಸ್‌ಟೆನ್ಶನ್ ಹಾಕಿಸಿ, ಕ್ಯಾಪ್ ತಪ್ಪದೇ ಹಾಕಿ. ಒಳಗಿನ ಪಿನ್ನು ಸ್ವಲ್ಪ ಬಿಟ್ಟರೂ ಕ್ಯಾಪ್ ಗಾಳಿ ತಡೆಯುತ್ತದೆ, ಮಲೆನಾಡಿನ ಕೆಸರನ್ನೂ ತಡೆಯುತ್ತದೆ.

ಜೋಡಿಯಲ್ಲಿ ಎರಡು ಟೈರಿನ ಎತ್ತರ ಒಂದೇ ಇರಬೇಕು. ವ್ಯಾಸದಲ್ಲಿ 6 ಮಿಲಿಮೀಟರ್ ವ್ಯತ್ಯಾಸ ಅಂದರೆ ಕಣ್ಣಿಗೆ ಏನೂ ಅನ್ನಿಸಲ್ಲ, ಆದರೆ ಲೆಕ್ಕ ಹಾಕಿ. ಸುತ್ತಳತೆಯಲ್ಲಿ ಸುಮಾರು 19 ಮಿಲಿಮೀಟರ್ ವ್ಯತ್ಯಾಸ ಆಯಿತು. 10.00 ಆರ್ 20 ಟೈರ್ ಒಂದು ಕಿಲೋಮೀಟರಿಗೆ 300 ಸುತ್ತು ಹೊಡೆಯುತ್ತದೆ ಅಂತ ಇಟ್ಟುಕೊಳ್ಳಿ. ಎರಡೂ ಒಂದೇ ಹಬ್ಬಿಗೆ ಬೋಲ್ಟ್ ಆಗಿವೆ, ಬೇರೆ ಬೇರೆ ತಿರುಗೋಕೆ ಆಗಲ್ಲ. ಹಾಗಾಗಿ ಪ್ರತಿ ಕಿಲೋಮೀಟರಿಗೆ ಐದೂವರೆ ಮೀಟರಿಗೂ ಜಾಸ್ತಿ ರಬ್ಬರ್ ರಸ್ತೆ ಮೇಲೆ ಉಜ್ಜಿಕೊಂಡೇ ಹೋಗಬೇಕು. ಉಜ್ಜುವುದು ಮುಖ್ಯವಾಗಿ ಚಿಕ್ಕ ಟೈರ್, ತೂಕ ಹೊರುವುದು ದೊಡ್ಡ ಟೈರ್. ಒಂದು ಸವೆದು ಸಾಯುತ್ತದೆ, ಇನ್ನೊಂದು ಬಿಸಿಯಾಗಿ ಸಾಯುತ್ತದೆ. ಗಾಳಿ ಕಡಿಮೆ ಇದ್ದರೂ ಇದೇ ಪರಿಣಾಮ, ಟೈರ್ ಕುಗ್ಗಿ ಚಿಕ್ಕದಾಗುತ್ತದೆ ಅಲ್ವಾ.

ಉದ್ದದ ನೇರ ಪಟ್ಟಿ ಅಥವಾ ಗಟ್ಟಿ ದಾರ ತಗೊಂಡು ಹಿಂದಿನ ಒಂದು ಆಕ್ಸಲ್‌ನ ನಾಲ್ಕು ಟೈರಿನ ಮೇಲೆ ಅಡ್ಡ ಹಿಡಿದು ನೋಡಿ, ಸಂದು ಎಲ್ಲಿ ಬರುತ್ತದೆ ಅಂತ ತಕ್ಷಣ ಕಾಣುತ್ತದೆ. ಗಾಳಿ ಮೊದಲು ಸಮ ಮಾಡಿ ಆಮೇಲೆ ನೋಡಬೇಕು. ಸಣ್ಣ ವ್ಯತ್ಯಾಸ ತಪ್ಪಿಸೋಕೆ ಆಗದಿದ್ದರೆ ಚಿಕ್ಕದನ್ನು ಒಳಗೆ, ದೊಡ್ಡದನ್ನು ಹೊರಗೆ ಹಾಕಿ, ಯಾಕೆಂದರೆ ನೀರು ಹರಿಯಲಿ ಅಂತ ರಸ್ತೆ ನಡುವೆ ಉಬ್ಬು ಇಟ್ಟಿರುತ್ತಾರೆ, ಒಳಗಿನ ಟೈರ್ ಆ ಉಬ್ಬಿನ ಕಡೆ ಇರುತ್ತದೆ. ರೇಡಿಯಲ್ ಮತ್ತು ನೈಲಾನ್ ಟೈರ್ ಒಂದೇ ಆಕ್ಸಲ್‌ಗೆ ಯಾವತ್ತೂ ಬೆರೆಸಬೇಡಿ.

ಉತ್ತರ: ಕಡೂರು ಲೋಡರ್

ನಾವು ಮೆಕ್ಕೆಜೋಳ, ತೆಂಗಿನಕಾಯಿ ಹೊಡೆಯೋದು. ನಮ್ಮ ಕಡೆ ಎಲ್ಲರೂ ಹತ್ತು ಹದಿನೈದು ಪಾಯಿಂಟ್ ಗಾಳಿ ಜಾಸ್ತಿ ಹೊಡೆಸುತ್ತಾರೆ, ಅಂಚು ಸವೆಯಲ್ಲ. ಅದನ್ನೂ ಮಾಡಿ ನೋಡಿ.

ಉತ್ತರ: ಟೈರ್ ಅಂಗಡಿ, ಹಾಸನ

ದಯವಿಟ್ಟು ಬೇಡ. ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತದೆ, ಜಾಸ್ತಿಯಾದರೆ ನಡು ಸವೆಯುತ್ತದೆ. ಒಂದೇ ಅಂಚು ಸವೆಯುವುದಕ್ಕೂ ಗಾಳಿ ಏರಿಸುವುದಕ್ಕೂ ಸಂಬಂಧ ಇಲ್ಲ. ಜಾಸ್ತಿ ಗಾಳಿ ತುಂಬಿ ಖಾಲಿ ಗಾಡಿ ಓಡಿಸಿದರೆ ಹಿಂದಿನ ಚಕ್ರ ರಸ್ತೆ ಮೇಲೆ ಕುಣಿಯುತ್ತದೆ, ಬ್ರೇಕ್ ಹಿಡಿದಾಗ ಬೇಗ ಲಾಕ್ ಆಗುತ್ತದೆ, ಅಲ್ಲೊಂದು ಇಲ್ಲೊಂದು ಚಪ್ಪಟೆ ತೇಪೆ ಬೀಳುತ್ತದೆ. ಗುಂಡಿಗೆ ಬಿದ್ದರೆ ಒಳಗಿನ ತಂತಿಯೇ ತುಂಡಾಗುತ್ತದೆ.

ಗಾಳಿಯನ್ನು ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಬೇಕು. ಎಷ್ಟು ಅನ್ನುವುದು ಟೈರ್ ಕಂಪನಿಯ ಲೋಡ್ ಪಟ್ಟಿಯಲ್ಲಿ ಇರುತ್ತದೆ, ಆಕ್ಸಲ್ ಮೇಲೆ ಬೀಳುವ ತೂಕಕ್ಕೆ ತಕ್ಕ ಹಾಗೆ. 110 ಪಿಎಸ್‌ಐ ಇರುವ ಟೈರಲ್ಲಿ ಉಷ್ಣಾಂಶ 10 ಡಿಗ್ರಿ ಏರಿದರೆ ಸುಮಾರು 4 ಪಿಎಸ್‌ಐ ಏರುತ್ತದೆ. ಚಿಕ್ಕಮಗಳೂರಿನ ಬೆಳಗಿನ ಚಳಿಯಲ್ಲಿ ಹೊರಟು ಮಧ್ಯಾಹ್ನ ಮಂಗಳೂರಿನ ಬಿಸಿಲಲ್ಲಿ ನಿಂತರೆ, ಓಡಿದ ಬಿಸಿಯೂ ಸೇರಿ ಗೇಜ್ ಜಾಸ್ತಿ ತೋರಿಸೇ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಿಸುವ ಡ್ರೈವರ್‌ಗಳಿದ್ದಾರೆ. ಬಿಡಬಾರದು. ವಾಪಸ್ ಘಾಟಿ ಹತ್ತಿ ತಣ್ಣಗಾದ ಮೇಲೆ ಅಷ್ಟೂ ಕಡಿಮೆಯಾಗಿರುತ್ತದೆ, ಮಾರನೇ ದಿನ ಆ ಗಾಳಿಯಲ್ಲೇ ಲೋಡ್ ಹೊರುತ್ತೀರಿ.

ಉತ್ತರ: ಮೂಡಿಗೆರೆ ಡ್ರೈವರ್

ನಾನು ಓಡಿಸುವವನ ಕಡೆಯಿಂದ ಹೇಳುತ್ತೇನೆ. ಎಸ್ಟೇಟ್ ಒಳಗೆ ಹೋಗುವ ಗಾಡಿಗಳ ಟೈರನ್ನು ಹೆದ್ದಾರಿ ಗಾಡಿಯ ಟೈರಿನ ಜೊತೆ ಹೋಲಿಸಬೇಡಿ. ಕಣದ ಹತ್ತಿರ ಜಾಗ ಇರಲ್ಲ, ಲೋಡ್ ಆದ ಮೇಲೆ ನಿಂತಲ್ಲೇ ಸ್ಟೀರಿಂಗ್ ಎಳೆಯುತ್ತಾರೆ. ಹತ್ತು ಚಕ್ರದ ಗಾಡಿ ಸಣ್ಣ ತಿರುವಿನಲ್ಲಿ ತಿರುಗುವಾಗ ಹಿಂದಿನ ಎರಡು ಆಕ್ಸಲ್‌ನಲ್ಲಿ ಒಂದಾದರೂ ಅಡ್ಡ ಜಾರಲೇಬೇಕು, ಬೇರೆ ದಾರಿಯೇ ಇಲ್ಲ. ಮಣ್ಣು ಕೆದರಿ ಹೋಗಿರುವ ಗುರುತು ನೋಡಿದರೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಇನ್ನೂ ಕಷ್ಟ, ಒದ್ದೆ ರಬ್ಬರನ್ನು ಚೂಪು ಜಲ್ಲಿ ಬೇಗ ಕುಯ್ಯುತ್ತದೆ. ಚಕ್ರ ಸ್ವಲ್ಪ ಉರುಳುತ್ತಿರುವಾಗಲೇ ತಿರುಗಿಸಿ, ಒಂದು ಸಲ ಜಾಸ್ತಿ ಹಿಂದೆ ಮುಂದೆ ಮಾಡಿದರೂ ಪರವಾಗಿಲ್ಲ. ಲಿಫ್ಟ್ ಆಕ್ಸಲ್ ಇರುವ ಗಾಡಿಯಾದರೆ ಖಾಲಿ ಇದ್ದಾಗ ಎತ್ತಿಬಿಡಿ.

2019ರ ಮಳೆಗೆ ಚಾರ್ಮಾಡಿ ಕುಸಿದ ಮೇಲೆ ನಮ್ಮ ಕಡೆಯ ದೊಡ್ಡ ಲಾರಿಗಳೆಲ್ಲ ಶಿರಾಡಿ ಹಿಡಿದವು. ದೋಣಿಗಾಲ್ ದಾಟಿದ ಮೇಲೆ ಗುಂಡ್ಯದವರೆಗೂ ಇಳಿಜಾರು, ತಿರುವು. ಅಲ್ಲಿ ಎಲ್ಲರೂ ಬ್ರೇಕ್ ಮೇಲೆ ನಿಲ್ಲುತ್ತಾರೆ. ಕೆಳಗಿನ ಗೇರಿಗೆ ಹಾಕಿ, ಎಗ್ಸಾಸ್ಟ್ ಬ್ರೇಕ್ (ಎಂಜಿನ್ ಹೊಗೆ ತಡೆದು ವೇಗ ಇಳಿಸುವ ಬ್ರೇಕ್) ಬಳಸಿ ಇಳಿದರೆ ಟೈರಿಗೂ ಒಳ್ಳೇದು, ಬ್ರೇಕ್ ಲೈನರಿಗೂ ಒಳ್ಳೇದು. ಇಳಿದ ಮೇಲೆ ಗುಂಡ್ಯದಲ್ಲಿ ನಿಲ್ಲಿಸಿ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಡ್ರಮ್ ಮುಟ್ಟಬೇಡಿ, ಸುಡುತ್ತದೆ. ಒಂದು ಚಕ್ರದಿಂದ ಮಾತ್ರ ಜಾಸ್ತಿ ಕಾವು ಬಡಿದರೆ ಆ ಚಕ್ರಕ್ಕೆ ಬ್ರೇಕ್ ಹೆಚ್ಚು ಹಿಡಿಯುತ್ತಿದೆ ಅಥವಾ ಬೇರಿಂಗ್ ಬಿಗಿ ಇದೆ. ಟೈರಿನ ಒಂದೇ ಜಾಗದಲ್ಲಿ ಸವೆತ ಬಂದರೆ ಬ್ರೇಕ್ ಡ್ರಮ್ ಗುಂಡಗಿದೆಯಾ ಅಂತ ನೋಡಿಸಬೇಕು.

ಪ್ರಶ್ನೆ ಕೇಳಿದವರು: ಗಿರಿ ಸಾರಿಗೆ, ಚಿಕ್ಕಮಗಳೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಗಾಡಿ ಖಾಲಿ ಇತ್ತು, ಕೂತು ಅಳೆದೆವು. ಕೈ ಸವರಿದಾಗ ಹಾಸನದವರು ಹೇಳಿದ ಹಾಗೇ ಇದೆ, ಎರಡೂ ಟೈರು ಎಡದಿಂದ ಬಲಕ್ಕೆ ನುಣುಪು, ಬಲದಿಂದ ಎಡಕ್ಕೆ ಗರಗಸ. ಡ್ರೈವರ್‌ನ ಕೇಳಿದರೆ ಸ್ಟೀರಿಂಗ್ ಯಾವಾಗಲೂ ಸ್ವಲ್ಪ ಬಲಕ್ಕೇ ಹಿಡಿಯಬೇಕು, ರಸ್ತೆ ಎಡಕ್ಕೆ ವಾಲಿರುತ್ತದಲ್ಲ ಅದಕ್ಕೆ ಅಂದುಕೊಂಡಿದ್ದೆ ಅಂದರು. ಹಬ್ ಅಳತೆಯಲ್ಲಿ ಬಲಗಡೆ ಎಡಗಡೆಗಿಂತ 11 ಮಿಲಿಮೀಟರ್ ಜಾಸ್ತಿ ಬಂತು. ಕೊನೆಯ ಆಕ್ಸಲ್‌ನ ಬಲಗಡೆ ಟಾರ್ಕ್ ರಾಡ್ ಬುಷ್‌ನಲ್ಲಿ ರಬ್ಬರೇ ಉಳಿದಿಲ್ಲ, ಲಿವರ್ ಹಾಕಿ ಒತ್ತಿದರೆ ರಾಡ್ ಕಣ್ಣೆದುರಿಗೇ ಸರಿಯುತ್ತದೆ. ಅಲೈನ್‌ಮೆಂಟ್ ಮಾಡಿದ ಎರಡು ಕಡೆಯೂ ಹಿಂದಿನ ಆಕ್ಸಲ್‌ಗೆ ಮಿಷನ್ ಹಾಕಿಯೇ ಇರಲಿಲ್ಲ. ದುಡ್ಡು ತಗೊಂಡು ಅರ್ಧ ಗಾಡಿ ನೋಡಿ ಕಳಿಸಿದ್ದಾರೆ ಅನ್ನುವುದಕ್ಕೆ ನಿಜವಾಗಲೂ ಬೇಜಾರಾಯಿತು.

ಒಳಗಿನ ಟೈರುಗಳ ಗಾಳಿ ನೋಡಿದೆ, ನಾಲ್ಕರಲ್ಲಿ ಮೂರು ಕಡಿಮೆ. ಎಕ್ಸ್‌ಟೆನ್ಶನ್ ತರಿಸುತ್ತಿದ್ದೇನೆ.

ಈಗ ಎರಡು ಪ್ರಶ್ನೆ. ಬುಷ್ ಹಾಕಿಸಿದ ಮೇಲೆ ಮತ್ತೆ ಅಲೈನ್‌ಮೆಂಟ್ ಬೇಕಾ? ಮತ್ತೆ ಈ ಮುಂದಿನ ಎರಡು ಟೈರ್ ಏನು ಮಾಡಲಿ?

ಉತ್ತರ: ಬಿ.ಎಂ. ರೋಡ್ ಮೆಕ್ಯಾನಿಕ್, ಹಾಸನ

ಕೊನೆಯ ಆಕ್ಸಲ್ ಬಲಗಡೆ ಹಿಂದಕ್ಕೆ ಸರಿದಿದ್ದರಿಂದ ಬಾಲ ಬಲಕ್ಕೆ ತಳ್ಳುತ್ತಿತ್ತು, ಮೂತಿ ಎಡಕ್ಕೆ ಹೋಗುತ್ತಿತ್ತು. ಲೆಕ್ಕ ಸರಿಯಾಗಿ ಕೂಡುತ್ತದೆ. ರಸ್ತೆಯ ಇಳಿಜಾರಿನಿಂದಲೂ ಎಡಕ್ಕೆ ಎಳೆಯುವುದು ಇದ್ದೇ ಇರುತ್ತದೆ, ಅದಕ್ಕೇ ಡ್ರೈವರ್‌ಗಳಿಗೆ ಅನುಮಾನ ಬರಲ್ಲ. ಅವರನ್ನು ಬೈಯಬೇಡಿ.

ಬುಷ್ ಒಂದೇ ಕಡೆ ಹಾಕಿಸಬೇಡಿ, ಆ ಆಕ್ಸಲ್‌ನ ಎರಡೂ ಕಡೆ ಹಾಕಿಸಿ. ಆಮೇಲೆ ಮುಂದಿನ ಆಕ್ಸಲ್‌ನ ಆಟ (ಸಡಿಲ) ಪೂರ್ತಿ ತೆಗೆಸಿ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಚಕ್ರದ ಕೆಳಗೆ ಲಿವರ್ ಕೊಟ್ಟು ಎತ್ತಿ ಇಳಿಸಿ ನೋಡಿ. ಆಟ ಸಿಕ್ಕರೆ ಇನ್ನೊಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ ಮತ್ತೆ ನೋಡಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು). ಸ್ಟೀರಿಂಗ್ ಜೋಡಣೆಯ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ ಬಾಲ್ ಎಲ್ಲಾ ನೋಡಿಸಿ. ಟೈರಲ್ಲಿ ಅಲ್ಲಲ್ಲಿ ಬಟ್ಟಲಿನಂಥ ಕುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್, ಬೇರಿಂಗ್, ಬ್ಯಾಲೆನ್ಸ್ ಕಡೆ ಗಮನ ಕೊಡಿ.

ಇಷ್ಟೆಲ್ಲಾ ಆದ ಮೇಲೆ ಮೂರೂ ಆಕ್ಸಲ್ ನೋಡುವ ಕಡೆ ಅಲೈನ್‌ಮೆಂಟ್ ಮಾಡಿಸಿ. ಆಟ ಇರುವ ಗಾಡಿಗೆ ಅಲೈನ್‌ಮೆಂಟ್ ಮಾಡಿದರೆ ಮಿಷನ್ ಮೇಲೆ ನಿಂತಾಗ ಮಾತ್ರ ಸರಿ, ಗೇಟ್ ದಾಟಿದ ತಕ್ಷಣ ಬೇರೆ. ರೇಡಿಯಲ್ ಟೈರಿಗೆ ಟೋ ಇನ್ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್ ಒಳಗೇ ಇರುತ್ತದೆ, ನಿಮ್ಮ ಗಾಡಿಯ ಪುಸ್ತಕದಲ್ಲಿ ಇರುವುದನ್ನೇ ಹಿಡಿಯಿರಿ. ಇಷ್ಟು ಸಣ್ಣ ಅಳತೆಗೆ ಯಾಕೆ ಇಷ್ಟು ಹಟ ಅಂತ ಕೇಳುತ್ತಾರೆ. ಟೋ 6 ಮಿಲಿಮೀಟರ್ ತಪ್ಪಿದರೆ ಪ್ರತಿ ಚಕ್ರದ ಪಾಲಿಗೆ 3 ಮಿಲಿಮೀಟರ್. ಟೈರಿನ ವ್ಯಾಸ ಸುಮಾರು 1050 ಮಿಲಿಮೀಟರ್. ಅಂದರೆ ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಟೈರು ಹತ್ತಿರ ಹತ್ತಿರ ಮೂರು ಮೀಟರ್ ಅಡ್ಡ ಎಳೆದುಕೊಂಡು ಹೋಗಿರುತ್ತದೆ. ಅದೂ ಮುಂದಿನ ಆಕ್ಸಲ್ ಮೇಲೆ ಟನ್‌ಗಟ್ಟಲೆ ತೂಕ ಇಟ್ಟುಕೊಂಡು. 2018ರಲ್ಲಿ ಮುಂದಿನ ಎರಡು ಟೈರಿನ ಆಕ್ಸಲ್ ಮಿತಿಯನ್ನು 6 ಟನ್‌ನಿಂದ 7 ಟನ್‌ಗೆ ಏರಿಸಿದರು. ಚೀಲಗಳನ್ನು ಕ್ಯಾಬಿನ್ ಕಡೆಗೇ ಒತ್ತಿ ಜೋಡಿಸುವ ಅಭ್ಯಾಸ ಇದ್ದರೆ ಅದನ್ನೂ ನೋಡಿಕೊಳ್ಳಿ.

ಉತ್ತರ: ಅರಸೀಕೆರೆಯಿಂದ

ನಮ್ಮದು ಹನ್ನೆರಡು ಚಕ್ರ, ಮುಂದೆ ಎರಡು ಸ್ಟೀರಿಂಗ್ ಆಕ್ಸಲ್. ಎರಡನೇ ಆಕ್ಸಲ್ ಟೈರ್ ಮಾತ್ರ ಸವೆಯುತ್ತದೆ, ಮೊದಲನೇದು ಚೆನ್ನಾಗಿದೆ. ಇದಕ್ಕೂ ಹಿಂದಿನ ಆಕ್ಸಲ್ಲೇ ಕಾರಣವಾ?

ಉತ್ತರ: ಬಿ.ಎಂ. ರೋಡ್ ಮೆಕ್ಯಾನಿಕ್, ಹಾಸನ

ನಿಮ್ಮದರಲ್ಲಿ ಮೊದಲು ಎರಡು ಸ್ಟೀರಿಂಗ್ ಆಕ್ಸಲ್ ಜೋಡಿಸುವ ಲಿಂಕ್ ನೋಡಿ. ಮೊದಲನೇ ಆಕ್ಸಲ್ ನೇರ ಇದ್ದಾಗ ಎರಡನೇದೂ ನೇರ ಇರಬೇಕು. ಲಿಂಕ್ ಉದ್ದ ತಪ್ಪಿದ್ದರೆ ಅಥವಾ ಬಾಲ್ ಸವೆದಿದ್ದರೆ ಎರಡನೇ ಆಕ್ಸಲ್ ಯಾವಾಗಲೂ ಒಂದು ಕಡೆ ತಿರುಗಿಯೇ ಓಡುತ್ತದೆ. ಎರಡನೇ ಆಕ್ಸಲ್‌ನ ಎರಡು ಟೈರಲ್ಲಿ ಕೈ ಸವರಿ, ಎರಡೂ ಒಂದೇ ದಿಕ್ಕಿಗೆ ನುಣುಪಾಗಿದ್ದರೆ ಲಿಂಕ್, ಎದುರುಬದುರಾಗಿದ್ದರೆ ಆ ಆಕ್ಸಲ್‌ನ ಟೋ.

ಉತ್ತರ: ಟೈರ್ ಅಂಗಡಿ, ಹಾಸನ

ಗಿರಿ ಸಾರಿಗೆಯವರಿಗೆ, ಮುಂದಿನ ಟೈರ್ ಬಗ್ಗೆ. ಬೋಳಾದ ಅಂಚಿನಲ್ಲಿ ತಂತಿ ಅಥವಾ ಒಳಗಿನ ಪದರ ಕಾಣುತ್ತಿದ್ದರೆ ಆ ಟೈರನ್ನು ಎಲ್ಲಿಗೂ ಹಾಕಬೇಡಿ, ಬಿಚ್ಚಿ ಇಡಿ. ಕಾಣುತ್ತಿಲ್ಲ ಅಂದರೆ ಇನ್ನೂ ದಾರಿ ಇದೆ. ಸವೆತದ ಗುರುತು ಟೈರಿನ ಚರಂಡಿಯೊಳಗೆ ಸಣ್ಣ ಉಬ್ಬಾಗಿ ಇರುತ್ತದೆ, ಅದರ ಎತ್ತರ ಸುಮಾರು 1.6 ಮಿಲಿಮೀಟರ್. ಕಟ್ಟು ಆ ಉಬ್ಬಿನ ಮಟ್ಟಕ್ಕೆ ಬಂದರೆ ಕತೆ ಮುಗಿಯಿತು. ನಿಮ್ಮದು ಅಂಚಿನಲ್ಲಿ ಅಲ್ಲಿಗೆ ಮುಟ್ಟಿದ್ದರೆ ಕೇಸಿಂಗ್ (ಕಟ್ಟಿನ ಕೆಳಗಿನ ಟೈರಿನ ಮೈ) ಚೆನ್ನಾಗಿರುವಾಗಲೇ ರೀಟ್ರೆಡ್‌ಗೆ (ಹೊಸ ಕಟ್ಟು ಹಾಕಿಸೋಕೆ) ಕೊಟ್ಟುಬಿಡಿ. ಇನ್ನೂ ಸ್ವಲ್ಪ ಓಡಿಸೋಣ ಅಂತ ಎಳೆದರೆ ಹೋಗುವುದು ಕೇಸಿಂಗ್, ಒಂದು ಟೈರಿನಲ್ಲಿ ಬೆಲೆ ಇರುವುದೇ ಅದರಲ್ಲಿ. ರೀಟ್ರೆಡ್ ಆದ ಮೇಲೆ ಹಿಂದೆ ಹಾಕಿ, ಮುಂದಿನ ಆಕ್ಸಲ್‌ಗೆ ಹಾಕಬೇಡಿ.

ಅಂಚಿನಲ್ಲಿ ಇನ್ನೂ ರಬ್ಬರ್ ಇದ್ದರೆ ಡಿಸ್ಕ್‌ನಿಂದ ಬಿಚ್ಚಿ ತಿರುಗಿಸಿ ಕೂರಿಸಿ, ಸವೆದ ಭುಜ ಇನ್ನೊಂದು ಕಡೆಗೆ ಬರುವ ಹಾಗೆ, ಮತ್ತು ಎರಡನ್ನೂ ಹಿಂದೆ ಹಾಕಿ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ಅದನ್ನು ನೋಡಿಕೊಂಡೇ ಕೂರಿಸಬೇಕು. ಪಕ್ಕದ ಟೈರಿನ ಎತ್ತರಕ್ಕೆ ಹೊಂದುತ್ತದಾ ಅಂತ ಪಟ್ಟಿ ಹಿಡಿದು ನೋಡಿ ಆಮೇಲೆ ಜೋಡಿ ಮಾಡಿ, ಸುಮ್ನೆ ಕೈಗೆ ಸಿಕ್ಕಿದ್ದು ಹಾಕಬೇಡಿ. ಮುಂದಕ್ಕೆ ಒಂದೇ ಕಂಪನಿಯ ಒಂದೇ ಪ್ಯಾಟರ್ನ್ ಹೊಸ ಜೋಡಿ ಹಾಕಿ, ಆದರೆ ಬುಷ್ ಕೆಲಸ ಮುಗಿದ ಮೇಲೆ. ಹಾಕಿದ ದಿನವೇ ಕಟ್ಟಿನ ಆಳವನ್ನು ಹೊರಗೆ, ನಡುವೆ, ಒಳಗೆ ಮೂರು ಕಡೆ ಅಳೆದು ಗಾಡಿಯ ಪುಸ್ತಕದಲ್ಲಿ ಬರೆದಿಡಿ. ಪ್ರತಿ ತಿಂಗಳು ಅದೇ ಮೂರು ಕಡೆ ಅಳೆಯಿರಿ. ಒಂದು ಅಂಚು ಉಳಿದ ಎರಡಕ್ಕಿಂತ ಒಂದು ಮಿಲಿಮೀಟರ್ ಹಿಂದೆ ಬಿದ್ದಾಗಲೇ ಗೊತ್ತಾದರೆ ಟೈರ್ ಉಳಿಯುತ್ತದೆ, ಕಣ್ಣಿಗೆ ಬೋಳು ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ನಟ್ ಮತ್ತೆ ಟೈಟ್ ಮಾಡಿಸಿ. ಚಿಕ್ಕಮಗಳೂರಿನಿಂದ ಲೋಡ್ ತುಂಬಿ ಹೊರಟರೆ ಸಕಲೇಶಪುರದಲ್ಲಿ ಊಟಕ್ಕೆ ನಿಲ್ಲಿಸಿದಾಗ ಮಾಡಿಸಿಬಿಡಿ, ಘಾಟಿ ಇಳಿಯುವ ಮುಂಚೆ.